ಬೆಂಗಳೂರಿನ ಪಿಜಿಯೋ, ದಾವಣಗೆರೆಯ ಮನೆಯೋ: ಎರಡೂ ಕಡೆ ಓದಿದವಳ ಲೆಕ್ಕ

ಚಿಕ್ಕಪ್ಪನ ಮಗಳ ಪಿಯುಸಿ ಮುಗಿದಿದೆ. "ಅಕ್ಕ, ಬೆಂಗಳೂರಿಗೆ ಹೋಗ್ಲಾ, ಇಲ್ಲೇ ಇರ್ಲಾ?" ಅಂತ ವಾರಕ್ಕೆರಡು ಸಲ ಕೇಳುತ್ತಾಳೆ. ನನ್ನನ್ನೇ ಕೇಳೋದಕ್ಕೆ ಕಾರಣ ಇದೆ. ನಾನು ಬಿ.ಕಾಂ. ಓದಿದ್ದು ಬೆಂಗಳೂರಿನಲ್ಲಿ, ಎಂ.ಕಾಂ. ಮಾಡಿದ್ದು ಮನೆಯಿಂದ ಓಡಾಡಿಕೊಂಡು, ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ.

ದುಡ್ಡಿನ ಲೆಕ್ಕ ಸುಲಭ. ಬೆಂಗಳೂರಿನ ಪಿಜಿಯಲ್ಲಿ ಮೂವರು ಹಂಚಿಕೊಂಡ ರೂಮಿಗೆ ಊಟ ಸೇರಿ ತಿಂಗಳಿಗೆ 7,500 ರೂಪಾಯಿ. ಕಾಲೇಜಿನ ಫೀಸಿಗಿಂತ ಅದೇ ಜಾಸ್ತಿ ಆಯಿತು. (ಮೊದಲ ವರ್ಷದಲ್ಲಿ ಬಹುಪಾಲು ಕೋವಿಡ್ ನುಂಗಿತು, ಹಾಗಾಗಿ ಅಪ್ಪನಿಗೆ ಒಂದಿಷ್ಟು ಉಳಿಯಿತು.) ಇಲ್ಲಿ ಬಸ್ಸಿಗೂ ಖರ್ಚಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತ್ತು, ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸಾಕು. ನಿಲ್ಲೋಕೆ ಜಾಗ ಸಿಗಬೇಕಷ್ಟೆ.

ಊಟದಲ್ಲಿ ಮನೆಯೇ ಗೆದ್ದಿತು, ಬಿಡಿ. ಪಿಜಿಯ ನೀರು ಸಾರಿಗೆ ಅವ್ವನ ಶೇಂಗಾ ಚಟ್ನಿಪುಡಿಯೇ ಗತಿ. ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಂಡರೆ ಸಾಕು, ಹಸಿವು ಶುರುವಾಗುತ್ತಿತ್ತು.

ನಾನು ಎಡವಿದ್ದು ಸಮಯದ ವಿಷಯದಲ್ಲಿ. ಮನೆ ಹತ್ತಿರ ಇದ್ದರೆ ಓದೋಕೆ ಸಮಯ ಜಾಸ್ತಿ ಸಿಗುತ್ತೆ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ನಾನುಂಟು, ನನ್ನ ಪುಸ್ತಕ ಉಂಟು. ಇಲ್ಲಿ ಬ್ಯಾಗ್ ಇಡೋ ಮೊದಲೇ "ಬಂದ್ಯಾ? ಚಹಾ ಇಡು, ಮಾವ ಬಂದಾರೆ" ಅಂತ ಕೂಗು. ತಮ್ಮನೂ ಅಲ್ಲೇ ಮೊಬೈಲ್ ಹಿಡಿದು ಕೂತಿರುತ್ತಿದ್ದ. ಅವನನ್ನು ಯಾರೂ ಕರೆಯಲಿಲ್ಲ.

ಅದರ ಮೇಲೆ ಅಪ್ಪನ ಕಿರಾಣಿ ಅಂಗಡಿ. ಎಂ.ಕಾಂ. ಮಗಳು ಮನೆಯಲ್ಲಿದ್ದಾಳೆ ಅಂದ ಮೇಲೆ ಜಿಎಸ್‌ಟಿ ಯಾರು ಮಾಡಬೇಕು? ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಮಗೆ ಮಾಲು ಕೊಟ್ಟವರು ಹಾಕಿದ ಬಿಲ್ಲುಗಳ ಪಟ್ಟಿ, ಬರುತ್ತೆ. ಖರೀದಿ ಬಿಲ್ಲುಗಳನ್ನೆಲ್ಲ ಅದಕ್ಕೆ ತಾಳೆ ಹಾಕಿ, 20ರೊಳಗೆ 3ಬಿ ಅನ್ನೋ ತಿಂಗಳ ರಿಟರ್ನ್ ಸಲ್ಲಿಸಬೇಕು. ಸಪ್ಲೈಯರ್ ಬಿಲ್ ಅಪ್‌ಲೋಡ್ ಮಾಡಿರದಿದ್ದರೆ ನಮಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟೋ ತೆರಿಗೆಯಲ್ಲಿ ಕಳೆಯೋದು) ಸಿಗಲ್ಲ. ಫೋನ್ ಮಾಡಿ ಜಗಳ ಆಡಬೇಕು. ಒಮ್ಮೆ ಇಂಟರ್ನಲ್ಸ್ ಹಿಂದಿನ ರಾತ್ರಿ ಬೇಳೆ ಬಿಲ್ಲುಗಳ ಮಧ್ಯೆ ಕೂತು ಅತ್ತಿದ್ದೇನೆ. ಆದರೆ ಇನ್‌ಪುಟ್ ಕ್ರೆಡಿಟ್ ಅಂದರೆ ಏನು ಅಂತ ನಿಜಕ್ಕೂ ಗೊತ್ತಾಗಿದ್ದು ಅಲ್ಲೇ. ಬೆಂಗಳೂರಿನಲ್ಲಿ ಅದನ್ನು ಬರೀ ಹತ್ತು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದೆ.

ಎರಡನೇ ಸೆಮಿಸ್ಟರ್‌ನಲ್ಲಿ ಹೇಳಿಬಿಟ್ಟೆ: "ಅಪ್ಪ, ಪರೀಕ್ಷೆ ಇರೋ ತಿಂಗಳು ಬಿಲ್ಲು ತಮ್ಮ ನೋಡ್ಕೊಳ್ಳಲಿ." ಮನೆ ಎರಡು ದಿನ ಬಿಗುವಾಗಿತ್ತು. ಆಮೇಲೆ ಅವನು ಕಲಿತ. ನಾನು ಪಿಯುಸಿ ಮುಗಿಸಿ ಇಲ್ಲೇ ಉಳಿದಿದ್ದರೆ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಜ್ವರ ಬಂದಾಗ ಒಬ್ಬಳೇ ಆಟೋ ಹಿಡಿದು ಡಾಕ್ಟರ ಹತ್ತಿರ ಹೋದವಳಿಗೆ ಅಪ್ಪನ ಮುಂದೆ ನಿಂತು ಮಾತಾಡೋದು ಅಷ್ಟೇನೂ ಕಷ್ಟ ಆಗಲಿಲ್ಲ.

ಹಾಗಾಗಿ ಮೊದಲು ದೂರ, ಆಮೇಲೆ ಹತ್ತಿರ ಅನ್ನೋದು ನನ್ನ ಲೆಕ್ಕ. ಅವಳಿಗೆ ಬೆಂಗಳೂರು ಅಂತಲೇ ಹೇಳಿದ್ದೇನೆ. ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ.