ನೆಗ್ಗಿಲ ಮುಳ್ಳಿನ ಸೀಮೆಗೆ ಒಂದು ಪಂಚರ್ ಡಬ್ಬಿ

ಮಳೆ ಹಿಂದೆ ಸರಿದು ಶೇಂಗಾ ಕೀಳುವ ಹೊತ್ತಿಗೆ ನಮ್ಮ ಚಳ್ಳಕೆರೆ ಕಡೆ ಸೈಕಲ್ಲುಗಳಿಗೆ ಕಷ್ಟಕಾಲ. ಮಳೆಗೆ ದಾರಿಬದಿಯಲ್ಲಿ ಹಸಿರಾಗಿ ಹಬ್ಬಿದ್ದ ನೆಗ್ಗಿಲು ಒಣಗಿ, ಕಾಯಿ ಬಿರಿದು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮಾಡಿಕೊಂಡೇ ಕೂತಿರುತ್ತೆ. ಹೊಲದ ಬೇಲಿಗೆಂದು ಕಡಿದ ಬಳ್ಳಾರಿ ಜಾಲಿ ಬೇರೆ. ಊರಲ್ಲಿದ್ದ ಸೈಕಲ್ ಶಾಪ್ ಈಗ ಬರೀ ಬೈಕ್ ಪಂಚರ್ ಹಾಕುತ್ತೆ. ಅದಕ್ಕೇ ಚಿತ್ರದುರ್ಗಕ್ಕೆ ಹೋದಾಗ 120 ರೂಪಾಯಿ ಕೊಟ್ಟು ಒಂದು ಪಂಚರ್ ಕಿಟ್ ತಂದೆ. ದಸರಾ ರಜೆಯಲ್ಲಿ ಅದಕ್ಕೆ ಕೆಲಸ ಬಿತ್ತು.

ಕಿಟ್ ಮೇಲೆ ಕಂಪನಿ ಹೆಸರಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ದೊಡ್ಡದು ಚಿಕ್ಕದು ಸೇರಿ ಕಿತ್ತಳೆ ಅಂಚಿನ ಪ್ಯಾಚುಗಳು, ಒಂದು ಸೊಲ್ಯೂಷನ್ ಟ್ಯೂಬು, ಉಜ್ಜೋಕೆ ತರಿತರಿಯಾದ ತಗಡು, ಟೈರಿನ ಅಂಚು ಎಬ್ಬಿಸೋಕೆ ಮೂರು ಪ್ಲಾಸ್ಟಿಕ್ ಲಿವರ್, ಒಂದು ತುಂಡು ವಾಲ್‌ಟ್ಯೂಬ್.

ಮೊದಲು ಹೊಗಳಬೇಕಾದ್ದು ಆ ಕೊನೆಯ ತುಂಡನ್ನು. ನಮ್ಮ ಮನೆಯ ಸೈಕಲ್ಲು ದೊಡ್ಡ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಓಡುತ್ತಿವೆ. ಇವುಗಳ ವಾಲ್ ಹಳೇ ಪದ್ಧತಿಯದು, ಗಾಳಿ ತಡೆಯೋದೇ ಆ ಸಣ್ಣ ರಬ್ಬರ್ ನಳಿಕೆ. ಬಿಸಿಲಿಗೆ ಅದು ಬಿರುಕು ಬಿಟ್ಟರೂ ಚಕ್ರ ಕೂತುಬಿಡುತ್ತೆ. ಟೈರು ಬಿಚ್ಚುವ ಮೊದಲು ವಾಲ್ ಬಾಯಿಗೆ ಸೋಪು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಹೊಸ ವಾಲ್‌ಟ್ಯೂಬ್ ಹಾಕಿದರೆ ಸಾಕು. ಇದನ್ನು ನೆನಪಿಟ್ಟು ಡಬ್ಬಿಗೆ ಸೇರಿಸಿದವರಿಗೆ ನಮ್ಮ ಸೈಕಲ್ಲುಗಳ ಪರಿಚಯ ಚೆನ್ನಾಗಿದೆ.

ನಮ್ಮದು ನಿಜವಾದ ಪಂಚರೇ, ಅದೂ ಹಿಂದಿನ ಚಕ್ರ. ಹಿಂದಿನದು ಅಂದರೆ ಚೈನು, ಸ್ಟ್ಯಾಂಡು ಎಲ್ಲಾ ಬಿಚ್ಚಬೇಕು ಅಂತ ತುಂಬಾ ಜನ ಹೆದರುತ್ತಾರೆ. ಬೇಕಿಲ್ಲ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಚೈನಿಲ್ಲದ ಪಕ್ಕದಿಂದ ಟೈರಿನ ಒಂದು ಅಂಚನ್ನಷ್ಟೇ ರಿಮ್ಮಿನಿಂದ ಎಬ್ಬಿಸಿದರೆ ಟ್ಯೂಬು ಹೊರಗೆ ಬರುತ್ತೆ. ಇಲ್ಲಿ ಲಿವರ್‌ಗಳು ಸೋತವು. ಗಟ್ಟಿ ತಂತಿಯ ಹಳೇ ಟೈರಿಗೆ ಅವು ಬಾಗುತ್ತವೆ, ಒಂದರ ತುದಿಯೇ ಮುರಿಯಿತು. ಗೇರ್ ಸೈಕಲ್ಲಿನ ಮೆತ್ತನೆ ಟೈರಿಗೆ ಆದೀತು. ನಮ್ಮಂಥವರು ಕಬ್ಬಿಣದ್ದನ್ನು ಬೇರೆ ಕೊಳ್ಳಬೇಕು. ಸ್ಕ್ರೂಡ್ರೈವರ್ ಹಾಕಬೇಡಿ, ಟ್ಯೂಬು ಕಚ್ಚುತ್ತೆ.

ಟ್ಯೂಬಿಗೆ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ಬಂದೆವು. "ಅಮ್ಮಾ, ಇಲ್ನೋಡು, ಇಲ್ನೋಡು!" ಅಂತ ಚಿಕ್ಕವಳು ಕೂಗಿದಳು. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು.

ಪ್ಯಾಚು, ಸೊಲ್ಯೂಷನ್ನು ಎರಡೂ ಅಪ್ಪಟ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಇದನ್ನು ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. ಸೊಲ್ಯೂಷನ್ ಗೋಂದಲ್ಲ. ಬೇಗ ಆರುವ ದ್ರಾವಕದಲ್ಲಿ ಕರಗಿಸಿದ ರಬ್ಬರು. ದ್ರಾವಕ ಹಾರಿಹೋದ ಮೇಲೆ ಪ್ಯಾಚಿನ ತಳದ ಪದರ ಅದರೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಟ್ಯೂಬಿನದೇ ಭಾಗವಾಗುತ್ತೆ. ಒದ್ದೆಯಿದ್ದಾಗಲೇ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಪ್ಯಾಚು ಏಳುತ್ತೆ. ತೂತಿನ ಸುತ್ತ ಪ್ಯಾಚಿಗಿಂತ ಅಗಲಕ್ಕೆ, ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ತೆಳ್ಳಗೆ ಬಳಿದು, ಐದು ನಿಮಿಷ ಕೈಕಟ್ಟಿ ಕೂತಿರಿ. ಮುಟ್ಟಿದರೆ ಬೆರಳಿಗೆ ಮೆತ್ತಬಾರದು. ಆಮೇಲೆ ಪ್ಯಾಚು ಇಟ್ಟು ನಡುವಿನಿಂದ ಅಂಚಿಗೆ ಬಲವಾಗಿ ಒತ್ತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಕಾಯುವ ಮಾತೇ ಇಲ್ಲ, ಇದು ದೊಡ್ಡ ಕೊರತೆ. ತಗಡೂ ತೀರಾ ಒರಟು, ತೆಳು ಟ್ಯೂಬಿಗೆ ಗೀರು ಬೀಳುತ್ತೆ. ನಾನು ಮನೆಯಲ್ಲಿದ್ದ ಉಪ್ಪುಕಾಗದವನ್ನೇ ಬಳಸಿದೆ.

ಚೀಟಿ ಹೇಳದ ಇನ್ನೊಂದು ಮಾತು: ಟೈರಿನೊಳಗೆ ಬಟ್ಟೆ ಆಡಿಸಿ ನೋಡಿ. ನಮ್ಮ ಟೈರಿನಲ್ಲಿ ನೆಗ್ಗಿಲ ಮುಳ್ಳು ಮುರಿದು ಅಲ್ಲೇ ಉಳಿದಿತ್ತು. ಅದನ್ನು ಕೀಳದೆ ಟ್ಯೂಬು ಸೇರಿಸಿದ್ದರೆ ಗೇಟು ದಾಟುವಷ್ಟರಲ್ಲಿ ಮತ್ತೆ ಪಂಚರ್. ಪ್ಯಾಚಿನ ಸುತ್ತ ಒಂದಿಷ್ಟು ಪೌಡರ್ ಉದುರಿಸಿದರೆ ಟ್ಯೂಬು ಟೈರಿಗೆ ಅಂಟುವುದಿಲ್ಲ. ಟೈರು ಕೂರಿಸುವಾಗ ವಾಲ್ ಹತ್ತಿರ ಬಂದು ಮುಗಿಸಿ, ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ.

ರಜೆ ಮುಗಿದು ಶಾಲೆ ಶುರುವಾದ ಮೇಲೂ ಆ ಚಕ್ರ ಗಾಳಿ ಬಿಟ್ಟಿಲ್ಲ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಪೂರ್ತಿ ಪ್ಯಾಚಿನ ಯೋಗ್ಯತೆಗೆ. ಲಿವರ್ ಲೆಕ್ಕಕ್ಕೆ ಹಿಡಿಯಬೇಡಿ. ಸೊಲ್ಯೂಷನ್ ಟ್ಯೂಬು ಒಮ್ಮೆ ತೂತು ಮಾಡಿದರೆ ಮುಚ್ಚಳ ಬಿಗಿಯಾಗಿದ್ದರೂ ನಿಧಾನಕ್ಕೆ ಒಣಗುತ್ತೆ. ಸೈಕಲ್ ಅಂಗಡಿಯಲ್ಲಿ ಅದು ಬಿಡಿಯಾಗಿಯೂ ಸಿಗುತ್ತೆ, ಡಬ್ಬಿ ಕೊಳ್ಳುವಾಗಲೇ ಎರಡು ಜಾಸ್ತಿ ತಂದಿಟ್ಟುಕೊಳ್ಳಿ.