ಸ್ಕಿಮ್‌ಬೋರ್ಡ್ ಕಲಿಯಲು ಮರದ ಹಲಗೆಯೋ, ಫೋಮ್ ಹಲಗೆಯೋ?

ಇಳಿತದ ಹೊತ್ತಿನಲ್ಲಿ ಮಲ್ಪೆ ಕಡಲ ತೀರ ನೋಡಿದ್ದೀರಾ? ತೆರೆ ಹಿಂದೆ ಹೋದ ಮೇಲೂ ಮರಳಿನ ಮೇಲೆ ಒಂದು ಬೆರಳಿನಷ್ಟು ನೀರು ಸ್ವಲ್ಪ ಹೊತ್ತು ಉಳಿಯುತ್ತದೆ. ಸ್ಕಿಮ್‌ಬೋರ್ಡ್ ಓಡುವುದು ಆ ತೆಳು ನೀರಿನ ಮೇಲೆ. ದಡದಿಂದ ಓಡಿ ಬರಬೇಕು, ಹಲಗೆಯನ್ನು ನೀರಿನ ಮೇಲೆ ಬಿಡಬೇಕು, ಅದು ಜಾರುತ್ತಿರುವಾಗಲೇ ಹತ್ತಿ ನಿಲ್ಲಬೇಕು. ವೇಗ ಇರುವವರೆಗೆ ಹಲಗೆಯ ಅಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗುವುದಿಲ್ಲ. ವೇಗ ಇಳಿಯಿತೆಂದರೆ ಹಲಗೆ ಮರಳಿಗೆ ಅಂಟಿ ನಿಲ್ಲುತ್ತದೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಎರಡು ಹಲಗೆಗಳಲ್ಲಿ ಕಲಿತೆ. ಒಂದು ನಮ್ಮೂರ ಆಚಾರಿ ಮಾಡಿಕೊಟ್ಟದ್ದು. ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿರುವ ದೊಡ್ಡಮ್ಮನ ಮಗ ರಜೆಯಲ್ಲಿ ಬಂದಾಗ ತಂದದ್ದು. ಅದರ ಒಳಗೆ ಫೋಮ್, ಹೊರಗೆ ಫೈಬರ್‌ಗ್ಲಾಸ್.

ಮರದ ಹಲಗೆಗೆ 4 ಮಿಲಿಮೀಟರಿನ ಎರಡು ಮರೈನ್ ಪ್ಲೈವುಡ್ ಹಾಳೆ ಬೇಕಾಯಿತು. ಅಂಗಡಿಯಲ್ಲಿ ಐಎಸ್ 710 ಗುರುತು ಇರುವುದನ್ನೇ ಕೇಳಿ, ಅದು ನೀರು ತಡೆಯುತ್ತದೆ. ಎರಡಕ್ಕೂ ನೀರು ತಡೆಯುವ ಗೋಂದು ಹಚ್ಚಿ ಒಂದರ ಮೇಲೊಂದು ಇಟ್ಟು, ಮುಂದಿನ ತುದಿಯ ಅಡಿಗೆ ರೀಪು ಕೊಟ್ಟು, ಮೇಲೆ ಕಲ್ಲು ಹೇರಿ ಎರಡು ದಿನ ಬಿಟ್ಟೆವು. ಮೂತಿ ಮೇಲಕ್ಕೆ ಬಾಗಿ ನಿಂತಿತು. ಆ ಬಾಗು ಇಲ್ಲದಿದ್ದರೆ ಹಲಗೆ ಮರಳಿಗೆ ಮೂಗು ಕುಟ್ಟಿ ನಿಲ್ಲುತ್ತದೆ, ನಾವು ಮುಂದಕ್ಕೆ ಹಾರುತ್ತೇವೆ. "ಇದೆಂತದು ಮಾರಾಯ್ರೆ, ಕೂರುವ ಮಣೆಯಾ?" ಎಂದು ಕೇಳಿದ ಆಚಾರಿ, ಕೊನೆಗೆ ಅಂಚನ್ನು ನನಗಿಂತ ಜಾಸ್ತಿ ಆಸ್ಥೆಯಿಂದ ಉಜ್ಜಿ ನುಣುಪು ಮಾಡಿದರು. ಮೇಲೆ ಮೂರು ಕೋಟ್ ವಾರ್ನಿಶ್ ಬಳಿದೆವು.

ಮೊದಲ ತಿಂಗಳಿಗೆ ನನ್ನ ಮತ ಮರದ ಹಲಗೆಗೇ. ಬೆಲೆ ಕಡಿಮೆ ಎನ್ನುವುದು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಕಾಲಿನದು. ಹತ್ತುವಾಗ ಓಟ ನಿಲ್ಲಬಾರದು. ಹಲಗೆ ನೆಲದ ಮುಂದುವರಿಕೆ ಎನ್ನುವಂತೆ ಅದರ ಮೇಲೆಯೇ ಓಡಿ ಹೋಗಬೇಕು. ಎಂಟು ಮಿಲಿಮೀಟರ್ ದಪ್ಪದ ಮರ ಕಾಲಿಗೆ ಎತ್ತರ ಅನ್ನಿಸುವುದೇ ಇಲ್ಲ. ಫೋಮ್ ಹಲಗೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ದಪ್ಪ. ಅದನ್ನು ಹತ್ತುವಾಗ ನನಗೆ ಗೊತ್ತಿಲ್ಲದೆಯೇ ಕಾಲು ಎತ್ತಿ ಹಾರುತ್ತಿದ್ದೆ. ಹಾರಿದರೆ ಹಲಗೆ ಮುಂದಕ್ಕೆ ಜಾರುತ್ತದೆ, ಮೈ ಹಿಂದಕ್ಕೆ ಬೀಳುತ್ತದೆ. ಒಮ್ಮೆ ಹಾಗೆ ಬಿದ್ದು ಮಣಿಕಟ್ಟು ಉಳುಕಿ ಹತ್ತು ದಿನ ಸುಮ್ನೆ ಕೂರಬೇಕಾಯಿತು.

ಇನ್ನೊಂದು ವಿಷಯ ಭಯ. ಅಷ್ಟು ದೂರದಿಂದ ತಂದ ಹಲಗೆಯ ಅಂಚು ಚಿಪ್ಪಿಗೆ ಬಡಿದರೆ ಎಂಬ ಚಿಂತೆಯಲ್ಲಿ ಬಿಡುವ ಹೊತ್ತಿಗೆ ಓಟ ನಿಧಾನ ಮಾಡುತ್ತಿದ್ದೆ. ಫೈಬರ್‌ಗ್ಲಾಸ್ ಒಡೆದರೆ ಒಳಗೆ ನೀರು ಹೋಗುತ್ತದೆ, ಒಣಗಿಸಿ ರೆಸಿನ್ ತುಂಬಬೇಕು. ಮರದ ಅಂಚು ಕಿತ್ತರೆ ಮರಳುಕಾಗದ ಮತ್ತು ವಾರ್ನಿಶ್ ಸಾಕು. ಕಲಿಯುವವರು ದಿನಕ್ಕೆ ಐವತ್ತು ಸಲ ಹಲಗೆ ಬಿಡುತ್ತಾರೆ, ಅಲ್ವಾ? ಆಗ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಬಿಡುವ ರೀತಿಯೂ ಎರಡು. ಮುಂದಕ್ಕೆ ಬೀಸಿ ಎಸೆದು ಹಿಂದಿನಿಂದ ಓಡಿ ಹತ್ತುವುದು ಒಂದು. ಓಡುತ್ತಲೇ ಬಗ್ಗಿ ಕಾಲಿನ ಪಕ್ಕದಲ್ಲೇ ಇಟ್ಟು ಹತ್ತುವುದು ಇನ್ನೊಂದು. ನನಗೆ ಎರಡನೆಯದೇ ಒಗ್ಗಿತು. ಎಸೆದರೆ ಹಲಗೆ ಓರೆಯಾಗಿ ಬೀಳುತ್ತದೆ. ಪಕ್ಕದಲ್ಲಿ ಇಟ್ಟರೆ ಚಪ್ಪಟೆಯಾಗಿ ಕೂರುತ್ತದೆ. ಮೊದಲ ಹೆಜ್ಜೆ ನಡುವೆ ಬೀಳಲಿ, ಮಂಡಿ ಬಾಗಿರಲಿ.

ಹಾಗಾದರೆ ಫೋಮ್ ಯಾಕೆ ಬೇಕು? ನೀರು ಪಾದ ಮುಳುಗುವಷ್ಟು ಆದ ತಕ್ಷಣ ಮರದ ಹಲಗೆ ಸೋಲುತ್ತದೆ. ವೇಗ ಕಳೆದುಕೊಂಡು ನಮ್ಮ ಭಾರಕ್ಕೆ ಕುಸಿಯುತ್ತದೆ. ಫೋಮ್ ಹಲಗೆ ಹಗುರ, ತೇಲುವ ಗುಣ ಜಾಸ್ತಿ, ಹಾಗಾಗಿ ಬರುವ ತೆರೆಯವರೆಗೂ ಜಾರಿ ಹೋಗುತ್ತದೆ. ಜನವರಿಯಲ್ಲಿ ಮೊದಲ ಸಲ ಮೊಣಕಾಲೆತ್ತರದ ಒಂದು ತೆರೆಯನ್ನು ಮುಟ್ಟಿ, ತಿರುಗಿ ದಡಕ್ಕೆ ಬಂದೆ. ಅವತ್ತು ಕತ್ತಲಾಗುವವರೆಗೆ ಮನೆಗೆ ಹೋಗಲಿಲ್ಲ. ಈ ಆಟ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನ ಜೀವರಕ್ಷಕರಿಂದ ಶುರುವಾಯಿತು ಎನ್ನುತ್ತಾರೆ. ಆಗ ಅವರ ಕೈಯಲ್ಲಿ ಇದ್ದದ್ದೂ ಮರದ ಹಲಗೆಯೇ. ಅಲ್ಲಿ ದಡ ಕಡಿದಾಗಿದೆ, ತೆರೆ ದಡದಲ್ಲೇ ಮುರಿಯುತ್ತದೆ. ಹಗುರವಾದ ಫೋಮ್ ಹಲಗೆ ಅಂಥ ಕಡಲಿಗೆ ಸರಿ.

ಅಂಥದೇ ಕಡಿದಾದ ದಡ ಹುಡುಕಿ ಸೋಮೇಶ್ವರಕ್ಕೆ ಹೋಗಿ ನೋಡಿದೆ. ಅಲ್ಲಿ ಬಂಡೆಗಳಿವೆ, ನೀರಿನ ಸೆಳೆತವಿದೆ. ಹಲಗೆಯನ್ನು ಕೆಳಗಿಡದೆ ವಾಪಸ್ ಬಂದೆ. ಕಲಿಯುವವರು ಅಲ್ಲಿ ಇಳಿಯಲೇಬೇಡಿ. ಮಲ್ಪೆಯಂಥ ಅಗಲವಾದ, ಸಪಾಟು ತೀರವೇ ನಮಗೆ ಸರಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಹೋಗುತ್ತದೆ, ಓಡಲು ಜಾಗ ಜಾಸ್ತಿ ಸಿಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಆರಕ್ಕೆ ಸಿಕ್ಕಿದ್ದು ನಾಳೆ ಏಳಕ್ಕೆ ಸ್ವಲ್ಪ ಮೊದಲು. ಮಳೆಗಾಲದಲ್ಲಿ ಎರಡೂ ಹಲಗೆ ಅಟ್ಟದಲ್ಲಿರಲಿ.

ಬೆಳಗ್ಗೆ ಹೋದರೆ ಒಂದು ಎಚ್ಚರ ಬೇಕು. ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಮೀನಿನ ಬಲೆ, ಎಳೆಯುವವರು ಇದ್ದರೆ ಉದ್ದದ ಹಗ್ಗ ತೀರದ ಮೇಲೆಲ್ಲ ಹಾದಿರುತ್ತದೆ. ಬಲೆ ದಡಕ್ಕೆ ಬಂದು ಮೀನು ಬುಟ್ಟಿ ಸೇರುವವರೆಗೆ ಹಲಗೆ ಬದಿಗಿಟ್ಟು ಕಾಯಿರಿ. ಕೈ ಖಾಲಿ ಇದ್ದರೆ ಹಗ್ಗಕ್ಕೆ ನೀವೂ ಒಂದು ಕೈ ಕೊಡಿ.