ಬೇಸಿಗೆಯಲ್ಲಿ ಶಾಲೆಗೆ ಮಣ್ಣಿನ ಗಡಿಗೆಯೋ, ವಾಟರ್ ಕೂಲರೋ?

ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕಾದಿರುತ್ತದೆ. ಮಕ್ಕಳು ಒಂದು ಗುಟುಕು ಕುಡಿದು ಬಿಟ್ಟುಬಿಡುತ್ತಾರೆ.

ಸಣ್ಣ ಶಾಲೆಯಾದರೆ ನನ್ನ ಆಯ್ಕೆ ನಲ್ಲಿ ಕೂರಿಸಿದ ಮಣ್ಣಿನ ಗಡಿಗೆ. ಅದರ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಒಣ ಗಾಳಿಗೆ ಇದು ಹೇಳಿ ಮಾಡಿಸಿದ್ದು. ಕರೆಂಟ್ ಬೇಡವೇ ಬೇಡ. ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಚೆಂದ ಕಾಣಲೆಂದು ಸುಮ್ನೆ ಬಣ್ಣ ಹಚ್ಚಬೇಡಿ, ರಂಧ್ರ ಮುಚ್ಚಿದರೆ ನೀರು ತಂಪಾಗುವುದಿಲ್ಲ. ದಿನಾ ತೊಳೆದು ತುಂಬುವವರು ಮಾತ್ರ ಬೇಕೇ ಬೇಕು. ಒಳಗೆ ಲೋಟ, ಕೈ ಅದ್ದಲು ಬಿಡಬಾರದು, ಅದಕ್ಕೇ ನಲ್ಲಿ.

ಇನ್ನೂರು ಮುನ್ನೂರು ಮಕ್ಕಳಿದ್ದರೆ? ಊಟದ ಬಿಡುವಿನಲ್ಲೇ ಗಡಿಗೆ ಖಾಲಿ. ಮತ್ತೆ ತುಂಬಿದ ನೀರು ತಂಪಾಗಲು ತಾಸುಗಟ್ಟಲೆ ಬೇಕು. ಅಲ್ಲಿ ಕೂಲರ್ ವಾಸಿ. ಖರ್ಚು ಜಾಸ್ತಿ, ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ. ಅರ್ಥಿಂಗ್ ಮೊದಲೇ ನೋಡಿಸಿ, ಒದ್ದೆ ಕೈಯಲ್ಲಿ ಮಕ್ಕಳು ಮುಟ್ಟುವ ಯಂತ್ರ ಅಲ್ವಾ?

ಗಡಿಗೆಯಾಗಲಿ, ಬರೀ ಕೂಲರ್ ಆಗಲಿ, ನೀರನ್ನು ಶುದ್ಧ ಮಾಡುವುದಿಲ್ಲ. ಬೋರ್‌ವೆಲ್ ನೀರಾದರೆ ಮೊದಲು ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಪರೀಕ್ಷೆ ಮಾಡಿಸಿ. ಕುದಿಸಿದರೂ ಅದು ಹೋಗುವುದಿಲ್ಲ.